ಮೊದಲು ಯಾರಿಗೆ?

ಇವತ್ತು ಚಿಕ್ಕಪ್ಪನ ಡಯಾಲಿಸಿಸ್, ಅಂದರೆ ಕೆಟ್ಟ ಕಿಡ್ನಿಯ ಬದಲು ಮೆಷಿನ್‌ನಲ್ಲಿ ರಕ್ತ ಸೋಸಿ, ಮೈಯಲ್ಲಿ ನಿಂತ ನೀರು ತೆಗೆಯುವುದು. ಶ್ರೀನಿವಾಸಪುರದಿಂದ ಮೊದಲ ಬಸ್ಸಿಗೆ ಕೋಲಾರಕ್ಕೆ ಬಂದೆವು. ಬಂದು ನೋಡಿದರೆ ಒಂದು ಮೆಷಿನ್ ಕೆಟ್ಟಿದೆ. ಒಬ್ಬೊಬ್ಬರಿಗೆ ನಾಲ್ಕು ಗಂಟೆ ಬೇಕು. ಯಾರಾದರೂ ಕಾಯಲೇಬೇಕು.

ನಮ್ಮ ಸರದಿಯನ್ನು ಮುಳಬಾಗಿಲು ಕಡೆಯ ಒಬ್ಬ ಅಜ್ಜಿಗೆ ಕೊಟ್ಟರು. ಅವರ ಕಾಲು ಊದಿ ಚಪ್ಪಲಿಯೇ ಹಿಡಿಸುತ್ತಿರಲಿಲ್ಲ, ಕೈಯಲ್ಲಿ ಹಿಡಿದುಕೊಂಡು ಬಂದಿದ್ದರು. ಮಲಗಿದರೆ ಉಸಿರು ಕಟ್ಟುತ್ತೆ ಅಂತ ರಾತ್ರಿಯೆಲ್ಲ ಗೋಡೆಗೆ ಒರಗಿ ಕೂತಿದ್ದರಂತೆ. ನನಗೆ ಮೊದಲು ಸಿಟ್ಟು ಬಂತು, ನಿಜ. ಚಿಕ್ಕಪ್ಪನೇ, "ಹೋಗಲಿ ಬಿಡಪ್ಪ, ನಾನು ತಡ್ಕೊಳ್ತೀನಿ" ಅಂದರು.

1962ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಡಯಾಲಿಸಿಸ್ ಯಾರಿಗೆ ಕೊಡಬೇಕು ಅಂತ ತೀರ್ಮಾನಿಸಲು ಏಳು ಜನರ ಸಮಿತಿ ಇತ್ತು. ದುಡಿಮೆ ಎಷ್ಟು, ಮಕ್ಕಳೆಷ್ಟು, ಚರ್ಚಿಗೆ ಹೋಗುತ್ತಾರಾ, ಇದನ್ನೆಲ್ಲ ನೋಡುತ್ತಿದ್ದರು. ಆ ಲೆಕ್ಕದಲ್ಲಿ ಈ ಅಜ್ಜಿಗೆ ಜಾಗವೇ ಸಿಗುತ್ತಿರಲಿಲ್ಲ. ಮನುಷ್ಯರನ್ನು ಹಾಗೆ ತಕ್ಕಡಿಗೆ ಹಾಕಬಾರದು. ಉಸಿರು ಕಟ್ಟಿದವರಿಗೆ ಮೊದಲು ಅನ್ನುವ ಇಲ್ಲಿನ ನರ್ಸಮ್ಮನ ಲೆಕ್ಕವೇ ನನಗೆ ಒಪ್ಪಿಗೆ. ಆದರೆ ದೂರದವರ ಕೊನೆ ಬಸ್ಸು, ಬಿಟ್ಟುಬಂದ ಕೂಲಿ, ಇವನ್ನೂ ಸ್ವಲ್ಪ ನೋಡಬೇಕು ಅಲ್ವಾ?

ಆ ಮೆಷಿನ್ ಕೆಟ್ಟು ಮೂರು ವಾರ ಆಯ್ತಂತೆ. ನನಗೆ ಜಾಸ್ತಿ ನೋವಾಗಿದ್ದು ಅದಕ್ಕೇ. ಸಮಯಕ್ಕೆ ರಿಪೇರಿ ಮಾಡಿಸಿದ್ದರೆ ಆ ನರ್ಸಮ್ಮ ಬೆಳಬೆಳಗ್ಗೆ ಯಾರ ಮುಖ ನೋಡಿ ಯಾರಿಗೆ ಇಲ್ಲ ಅನ್ನಬೇಕಿತ್ತು?

ಚಿಕ್ಕಪ್ಪನನ್ನು ಈಗಷ್ಟೇ ಒಳಗೆ ಕರೆದರು. ಅಜ್ಜಿ ಮಧ್ಯಾಹ್ನವೇ ಹೊರಟರು, ಚಪ್ಪಲಿ ಕಾಲಿಗೆ ಹಾಕಿಕೊಂಡು.