ಹಳದಿ ಬಾಟಲಿ ಬೇಕೆನ್ನುವವರಿಗೆ

ಗದಗದಲ್ಲಿ ನಾನು ಕೆಲಸ ಮಾಡುವ ಖಾಸಗಿ ದವಾಖಾನೆಯ ಹಿಂದಿನ ಕೋಣೆಯಲ್ಲಿ ನಾಲ್ಕು ಮಂಚಗಳಿವೆ. ಬಾಗಿಲ ಮೇಲೆ ‘ಡೇ ಕೇರ್’ ಎಂದು ಬರೆಸಿದ್ದಾರೆ. ಜನರ ಬಾಯಲ್ಲಿ ಅದು ಸಲಾಯಿನ್ ಕೋಣೆ. ಬೆಳಿಗ್ಗೆ ಹತ್ತರ ಹೊತ್ತಿಗೆ ನಾಲ್ಕೂ ಮಂಚ ತುಂಬಿರುತ್ತವೆ. ಐದನೆಯವರು ಹೊರಗಿನ ಬೆಂಚಿನ ಮೇಲೆ ಕುಳಿತು, ಒಳಗಿನವರ ಬಾಟಲಿ ಎಷ್ಟು ಇಳಿಯಿತೆಂದು ಪರದೆಯ ಸಂದಿನಿಂದ ಇಣುಕುತ್ತಿರುತ್ತಾರೆ. ನಾನು ಇಲ್ಲಿ ಸ್ಟಾಫ್ ನರ್ಸ್. ಮೊದಲು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯೊಂದರ ವಾರ್ಡಿನಲ್ಲಿದ್ದೆ. ಗದಗಿನ ಜೋಡಿ ಊರಾದ ಬೆಟಗೇರಿಗೆ ಬಂದು ನೆಲೆಸಿದ ಮೇಲೆ ಈ ಕೋಣೆಯ ಉಸ್ತುವಾರಿ ನನ್ನದಾಯಿತು.

ಇಲ್ಲಿ ನನಗೂ ರೋಗಿಗಳಿಗೂ ದಿನಾಲೂ ನಡೆಯುವ ಜಗಳ ಬಣ್ಣದ್ದು. ಬಣ್ಣವಿಲ್ಲದ ಬಾಟಲಿ ಕಂಡರೆ ಯಾರಿಗೂ ಸಮಾಧಾನವಿಲ್ಲ. “ಬರೀ ನೀರು ಹಚ್ಚಿದಿರಲ್ಲ ಸಿಸ್ಟರ್, ಶಕ್ತಿಯದು ಹಚ್ಚಿ” ಎನ್ನುತ್ತಾರೆ. ಶಕ್ತಿಯದು ಎಂದರೆ ಹಳದಿ. ಸಲಾಯಿನ್‌ಗೆ ಬಿ ಗುಂಪಿನ ಜೀವಸತ್ವಗಳ ಒಂದು ಆಂಪೂಲ್ ಬೆರೆಸಿದರೆ ಇಡೀ ಬಾಟಲಿ ಹಳದಿಗೆ ತಿರುಗುತ್ತದೆ. ಆ ಬಣ್ಣ ರೈಬೊಫ್ಲೇವಿನ್ ಎಂಬ ಬಿ-2 ಜೀವಸತ್ವದ್ದು. ದೇಹ ತನಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಮೂತ್ರಪಿಂಡಗಳ ಮೂಲಕ ಸಾಗಹಾಕುತ್ತದೆ. ಸಂಜೆ ಮೂತ್ರ ಗಾಢ ಹಳದಿಯಾಗಿ ಹೋದಾಗ “ಮೈಯಲ್ಲಿದ್ದ ಉಷ್ಣ ಹೊರಬಿತ್ತು” ಎಂದು ಖುಷಿಪಟ್ಟವರಿದ್ದಾರೆ. ಅವರ ದುಡ್ಡು ಹೊರಬಿತ್ತು ಎಂದು ನಾನು ಹೇಳಿದರೆ ನಗುತ್ತಾರೆ, ಮುಂದಿನ ತಿಂಗಳು ಮತ್ತೆ ಬರುತ್ತಾರೆ.

ಬಾಟಲಿಯಲ್ಲಿ ಏನಿದೆ ಎಂಬ ಲೆಕ್ಕ ಬಹಳ ಸಣ್ಣದು. ನಾರ್ಮಲ್ ಸಲಾಯಿನ್ ಎಂದರೆ ಶೇಕಡಾ 0.9ರ ಉಪ್ಪುನೀರು; 500 ಮಿ.ಲೀ. ಬಾಟಲಿಯಲ್ಲಿ ನಾಲ್ಕೂವರೆ ಗ್ರಾಂ ಉಪ್ಪು. ಶೇಕಡಾ 5ರ ಗ್ಲೂಕೋಸ್ ಬಾಟಲಿಯಾದರೆ 25 ಗ್ರಾಂ ಸಕ್ಕರೆ. ಅದರಿಂದ ಸಿಗುವುದು 85 ಕ್ಯಾಲೊರಿಯಷ್ಟು. ಮನೆಯ ಒಂದು ಜೋಳದ ರೊಟ್ಟಿ ಇದಕ್ಕಿಂತ ಹೆಚ್ಚು ಕೊಡುತ್ತದೆ, ಜೊತೆಗೆ ಹೆಸರುಕಾಳಿನ ಪಲ್ಯವಿದ್ದರೆ ಕೇಳುವುದೇ ಬೇಡ. ವಾಂತಿ ನಿಲ್ಲುತ್ತಿಲ್ಲ, ಭೇದಿಯಾಗಿ ಕಣ್ಣು ಗುಳಿಬಿದ್ದಿವೆ, ನಾಡಿ ಓಡುತ್ತಿದೆ, ಬೆಳಗಿನಿಂದ ಮೂತ್ರವೇ ಬಂದಿಲ್ಲ ಎಂದಾಗ ಇದೇ ಉಪ್ಪುನೀರು ಜೀವ ಉಳಿಸುತ್ತದೆ. ಆಗ ಹಣದ ಮಾತನ್ನೂ ಪಕ್ಕಕ್ಕಿಟ್ಟು ಮೊದಲು ಸೂಜಿ ಹಾಕಬೇಕು. ಬಾಯಿಂದ ಕುಡಿಯಬಲ್ಲವರಿಗೆ ಓಆರ್‌ಎಸ್ ಪುಡಿ ಸಾಕು. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ನಡುವೆ ಕಾಲರಾ ಹಬ್ಬಿ, ಸಲಾಯಿನ್ ಬಾಟಲಿಗಳು ತೀರುತ್ತ ಬಂದಾಗ ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಶೇಕಡಾ 30ರ ಆಸುಪಾಸಿನಲ್ಲಿದ್ದ ಸಾವು ಶೇಕಡಾ 4ಕ್ಕಿಂತ ಕೆಳಗಿಳಿಯಿತು. 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಸಂದದ್ದು ಈ ಕೆಲಸಕ್ಕೆ. ಇದನ್ನು ನಾನು ಮಂಚದ ಪಕ್ಕ ನಿಂತು ಹೇಳಿದರೆ, “ಅದು ಅವರಿಗೆ, ನನಗೆ ಬಾಟಲಿಯೇ ಹತ್ತುವುದು” ಎಂಬ ಉತ್ತರ ಸಿದ್ಧವಿರುತ್ತದೆ.

ಬಿ.ಪಿ. ಮತ್ತು ಹೃದಯದ ತೊಂದರೆ ಇರುವವರು ಬಂದಾಗ ಮಾತ್ರ ನಾನು ನಗುವುದಿಲ್ಲ. ವಯಸ್ಕರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದೇ ಬಾಟಲಿಯಲ್ಲಿ ಹೆಚ್ಚೂಕಡಿಮೆ ಅಷ್ಟೂ ಇದೆ. ಮಗ್ಗದ ಕೆಲಸ ಬಿಟ್ಟು ಮನೆಯಲ್ಲಿರುವ ಕಾಕಾ ಒಬ್ಬರು ಸುಸ್ತು ಎಂದು ಬಂದಿದ್ದರು. ಹೃದಯದ ಪಂಪಿನ ಬಲ ಕಡಿಮೆ ಇದೆಯೆಂದು ಅವರ ಹಳೆಯ ಕಡತದಲ್ಲೇ ಬರೆದಿತ್ತು. “ಕಾಕಾ, ಮನೆಯಲ್ಲಿ ಹಪ್ಪಳ ಬಿಟ್ಟಿದ್ದೀರಿ, ಉಪ್ಪಿನಕಾಯಿ ಬಿಟ್ಟಿದ್ದೀರಿ. ಇಲ್ಲಿ ಬಂದು ಇಡೀ ದಿನದ ಉಪ್ಪನ್ನು ನೇರವಾಗಿ ರಕ್ತಕ್ಕೆ ಸುರಿಸಿಕೊಳ್ಳುತ್ತೀರಾ?” ಎಂದೆ. “ಅರ್ಧ ಬಾಟಲಿಯಾದರೂ ಹಚ್ಚು ತಂಗಿ” ಎಂದರು. ನಮ್ಮ ಡಾಕ್ಟರ್ ಸಾಹೇಬರು ಹಚ್ಚಲಿಲ್ಲ. ಇಂಥವರಿಗೆ ನೀರು ಬೇಗ ಏರಿದರೆ ಶ್ವಾಸಕೋಶದಲ್ಲಿ ನಿಂತು ಉಸಿರು ಕಟ್ಟುತ್ತದೆ. ಡೆಂಗಿಯಲ್ಲೂ ಇದೇ ಕಥೆ: ರಕ್ತನಾಳಗಳಿಂದ ಸೋರಿಹೋದ ನೀರು ಜ್ವರ ಬಿಟ್ಟ ಕೆಲವು ದಿನಗಳಲ್ಲಿ ತಾನಾಗಿ ರಕ್ತಕ್ಕೆ ಮರಳುತ್ತದೆ. ಆಗಲೂ ಬಾಟಲಿ ಏರಿಸುತ್ತಲೇ ಇದ್ದರೆ ಚಿಕಿತ್ಸೆಯೇ ಕಾಟವಾಗುತ್ತದೆ.

ಹಾಗೆಂದು ಬಾಟಲಿ ಕೇಳುವವರನ್ನು ನಾನು ದಡ್ಡರೆಂದು ಎಣಿಸುವುದಿಲ್ಲ. ಮೆಣಸಿನಕಾಯಿ ತೊಟ್ಟು ಬಿಡಿಸುವ, ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತುವ ಹೆಂಗಸರು ಮನೆಯಲ್ಲಿ “ಸ್ವಲ್ಪ ಮಲಗುತ್ತೇನೆ” ಎಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಕೈಗೆ ಸೂಜಿ ಹಾಕಿ ಪಟ್ಟಿ ಅಂಟಿಸಿದೆವೆನ್ನಿ, ಅತ್ತೆ ಸುಮ್ಮನಾಗುತ್ತಾಳೆ, ಗಂಡ ಎದುರಿನ ಹೋಟೆಲಿನಿಂದ ತಾನೇ ಚಹಾ ತರುತ್ತಾನೆ. ನಾವು ಬಳಸುವ ಸಲಾಯಿನ್ ಕೊಳವೆಯ ಸೆಟ್ಟಿನಲ್ಲಿ 20 ಹನಿಗೆ ಒಂದು ಮಿ.ಲೀ.; ನಿಮಿಷಕ್ಕೆ 42 ಹನಿ ಬಿಟ್ಟರೆ 500 ಮಿ.ಲೀ. ಇಳಿಯಲು ನಾಲ್ಕು ತಾಸು. ಗಂಡಸರು “ಜೋರಾಗಿ ಬಿಡಿ, ಕೆಲಸವಿದೆ” ಎನ್ನುತ್ತಾರೆ. ಈ ಹೆಂಗಸರು ಗಂಡ ಆಚೆ ಹೋದದ್ದನ್ನು ನೋಡಿ, “ಅಕ್ಕಾ, ಇನ್ನೂ ಸಣ್ಣಗೆ ಬಿಡಿ” ಎನ್ನುತ್ತಾರೆ. ನಾನು ಚಕ್ರವನ್ನು ತಿರುಗಿಸಿ ಸಣ್ಣಗೆ ಬಿಡುತ್ತೇನೆ.

ಆದರೆ ಅವರ ಸುಸ್ತಿಗೆ ಬಹುಪಾಲು ನಿಜವಾದ ಕಾರಣವೂ ಇರುತ್ತದೆ, ಅದು ರಕ್ತ ಪರೀಕ್ಷೆಯಲ್ಲಿ ಸಿಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚೂಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆ. ಉಪ್ಪುನೀರು ಏರಿಸಿದರೆ ರಕ್ತ ಹೆಚ್ಚುವುದಿಲ್ಲ. ಮೊದಲ ಮದ್ದು ಕಬ್ಬಿಣದ ಗುಳಿಗೆ: ಲಿಂಬೆಹಣ್ಣಿನ ನೀರಿನ ಜೊತೆ ಒಳ್ಳೆಯದು, ಚಹಾದ ಜೊತೆ ಬೇಡ. ಗುಳಿಗೆಯಿಂದ ಹೊಟ್ಟೆ ಕಿವುಚುವವರು, ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುವವರು, ಹೆರಿಗೆಗೆ ಹೆಚ್ಚು ದಿನ ಉಳಿಯದ ಗರ್ಭಿಣಿಯರು, ಇವರಿಗೆ ಕಬ್ಬಿಣವನ್ನು ರಕ್ತನಾಳದಲ್ಲೇ ಕೊಡುತ್ತೇವೆ. ಗರ್ಭದ ಮೊದಲ ಮೂರು ತಿಂಗಳಲ್ಲಿ ಕೊಡುವುದಿಲ್ಲ.

ಮೊನ್ನೆ ಹೀಗೆ ಬಂದ ಹೆಂಗಸೊಬ್ಬರ ಹಿಮೋಗ್ಲೋಬಿನ್ 7, ತೂಕ 50 ಕಿಲೋ. ಮೆಣಸಿನಕಾಯಿಯ ಕೈ, ಎರಡು ಸಲ ಸೋಪು ಹಚ್ಚಿ ತೊಳೆಸಿದರೂ ಪಟ್ಟಿ ಕಟ್ಟುವಾಗ ನನ್ನ ಕಣ್ಣಿಗೇ ಘಾಟು ಅಡರಿತು. ರಕ್ತನಾಳ ಕಾಣದು. ಮುಂಗೈ ಕೆಳಗೆ ಇಳಿಬಿಡಿಸಿ, ಬಿಸಿನೀರಿನಲ್ಲಿ ಅದ್ದಿದ ಟವೆಲ್ ಸುತ್ತಿ, ಮುಷ್ಟಿ ಬಿಗಿ-ಸಡಿಲ ಮಾಡಿಸಿದ ಮೇಲೆ ಮಣಿಕಟ್ಟಿನ ಮೇಲೊಂದು ಬೆರಳಿಗೆ ಸಿಕ್ಕಿತು. ಕಣ್ಣಿಗಿಂತ ಬೆರಳನ್ನು ನಂಬಬೇಕು ಈ ಕೆಲಸದಲ್ಲಿ. ನೀಲಿ ಬಣ್ಣದ 22ನೇ ಅಳತೆಯ ಸೂಜಿ ಹಾಕಿ, ಮೊದಲು ಬರೀ ಸಲಾಯಿನ್ ತಳ್ಳಿ ನೋಡಿದೆ: ಊತವಿಲ್ಲ, ಉರಿಯಿಲ್ಲ. ಆಮೇಲಷ್ಟೇ ಐರನ್ ಸುಕ್ರೋಸ್. ಕಪ್ಪುಗಂದು ದ್ರವ, ಎರಡು ಆಂಪೂಲಿನ 200 ಮಿ.ಗ್ರಾಂ. ಅನ್ನು 100 ಮಿ.ಲೀ. ಸಲಾಯಿನ್‌ಗೆ ಹಾಕಿದಾಗ ಬೆಲ್ಲದ ಕಾಕಂಬಿ ನೀರಿಗಿಳಿದಂತೆ ಎಳೆ ಎಳೆಯಾಗಿ ಹರಡುತ್ತದೆ. ಇದು ರಕ್ತನಾಳದಿಂದ ಹೊರಗೆ ಸೋರಿದರೆ ಚರ್ಮದಲ್ಲಿ ಕಂದು ಕಲೆ ಕೂರುತ್ತದೆ. ತಿಂಗಳುಗಟ್ಟಲೆ ಹೋಗುವುದಿಲ್ಲ, ಕೆಲವರಿಗೆ ಹೋಗುವುದೇ ಇಲ್ಲ. ಅದಕ್ಕೇ ಮೊದಲ ಹತ್ತು ನಿಮಿಷ ನಾನು ಮಂಚ ಬಿಟ್ಟು ಕದಲುವುದಿಲ್ಲ, ಹೊರಗಿನ ಬೆಂಚಿನವರು ಎಷ್ಟು ಗೊಣಗಿದರೂ ಸರಿ.

ಎಷ್ಟು ಕಬ್ಬಿಣ ಬೇಕೆಂಬುದಕ್ಕೆ ಸೂತ್ರವೊಂದಿದೆ: ಹಿಮೋಗ್ಲೋಬಿನ್ 15ಕ್ಕೆ ಎಷ್ಟು ಕಡಿಮೆಯೋ ಅದನ್ನು ತೂಕದಿಂದ ಮತ್ತು 2.4ರಿಂದ ಗುಣಿಸಿ, ದೇಹದ ದಾಸ್ತಾನಿಗೆಂದು 500 ಸೇರಿಸಬೇಕು. ಈ ಹೆಂಗಸಿಗೆ 1,460 ಮಿ.ಗ್ರಾಂ. ಬಂತು. 200ರಂತೆ ಕೊಟ್ಟರೆ ಎಂಟು ಸಲ ಬರಬೇಕು, ಅಂದರೆ ಎಂಟು ದಿನದ ಕೂಲಿ ಹೋದಂತೆ. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಎಂಬ ಇನ್ನೊಂದು ಔಷಧವಾದರೆ ತೂಕ ನೋಡಿಕೊಂಡು ಒಂದೇ ಸಲಕ್ಕೆ 1,000 ಮಿ.ಗ್ರಾಂ. ವರೆಗೆ ಹದಿನೈದು ನಿಮಿಷದಲ್ಲಿ ಕೊಡಬಹುದು. 2023ರಲ್ಲಿ ಅದರ ಪೇಟೆಂಟ್ ಅವಧಿ ಮುಗಿದ ಮೇಲೆ ಬೆಲೆ ಇಳಿದಿದೆ. ಕೂಲಿಯ ಲೆಕ್ಕ ಹಿಡಿದರೆ ಬಡವರಿಗೆ ಇದೇ ಅಗ್ಗ. ಗರ್ಭಿಣಿಯರು ಕೇಳಿದರೆ ನಾನು ಸರ್ಕಾರಿ ಆಸ್ಪತ್ರೆಯ ದಾರಿಯನ್ನೂ ತೋರಿಸುತ್ತೇನೆ, ಅಲ್ಲಿ ಕಬ್ಬಿಣದ ಇಂಜೆಕ್ಷನ್‌ಗೆ ದುಡ್ಡಿಲ್ಲ. ನಮ್ಮ ಸಾಹೇಬರಿಗೆ ಇದು ಗೊತ್ತು, ಅವರು ಏನೂ ಅನ್ನುವುದಿಲ್ಲ.

ಬಾಟಲಿ ಮುಗಿದ ಮೇಲೆ ಅರ್ಧ ತಾಸು ಎದ್ದು ಹೋಗುವಂತಿಲ್ಲ. ಅಪರೂಪಕ್ಕೆ ಮೈ ತುರಿಕೆ, ಎದೆ ಬಿಗಿತ, ಬಿ.ಪಿ. ಕುಸಿತ ಆಗುವುದುಂಟು. ಅದಕ್ಕೆಂದು ಅಡ್ರಿನಲಿನ್ ಆಂಪೂಲ್ ಟ್ರೇಯಲ್ಲಿ ಕಣ್ಣೆದುರೇ ಇರುತ್ತದೆ. ದೊಡ್ಡವರಿಗೆ ಅರ್ಧ ಮಿ.ಲೀ., ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ. ಈ ಟ್ರೇ ಮತ್ತು ಆಕ್ಸಿಜನ್ ಸಿಲಿಂಡರ್ ಇಲ್ಲದ ಜಾಗದಲ್ಲಿ, ಮನೆಗೇ ಬಂದು ಹಚ್ಚುತ್ತೇನೆನ್ನುವವರ ಕೈಯಲ್ಲಿ, ಬಾಟಲಿ ಹಚ್ಚಿಸಿಕೊಳ್ಳಬೇಡಿ. ಹೊಸ ಸಿರಿಂಜಿನ ಪೊಟ್ಟಣವನ್ನು ನಿಮ್ಮೆದುರು ಹರಿಯುವಂತೆ ಕೇಳಿ. ಕೇಳಿದ್ದಕ್ಕೆ ಸಿಟ್ಟಾಗುವ ನರ್ಸ್ ಇದ್ದರೆ ಅಲ್ಲಿಂದ ಎದ್ದುಬನ್ನಿ.

ಕೆಂಪು ಸೂಜಿಯ ಬಗ್ಗೆಯೂ ಕೇಳುತ್ತಾರೆ. ಅದು ಬಿ-12, ಬಣ್ಣ ಅದರದೇ. ಸಸ್ಯಾಹಾರದಲ್ಲಿ ಹಾಲು-ಮೊಸರು ಬಿಟ್ಟರೆ ಈ ಜೀವಸತ್ವ ಸಿಗುವುದು ಕಷ್ಟ, ನಮ್ಮ ಕಡೆ ಸಸ್ಯಾಹಾರಿಗಳು ಬಹಳ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲೂ ಅದು ಇಳಿಯುತ್ತದೆ. ಪಾದ ಜುಮುಗುಟ್ಟುವುದು, ಕತ್ತಲಲ್ಲಿ ನಡೆದರೆ ತೂಗಾಡುವುದು ಇದ್ದವರಿಗೆ ಸೂಜಿಯೇ ಬೇಕು. ಉಳಿದ ಹೆಚ್ಚಿನವರಿಗೆ ಗುಳಿಗೆಯೂ ನಡೆಯುತ್ತದೆ. 6 ಲಕ್ಷ ಯೂನಿಟ್ಟಿನ ಡಿ ಜೀವಸತ್ವದ ಸೂಜಿಗಿಂತ ವಾರಕ್ಕೊಂದರಂತೆ ನುಂಗುವ 60 ಸಾವಿರ ಯೂನಿಟ್ಟಿನ ಗುಳಿಗೆಯೇ ನನಗೆ ಇಷ್ಟ. ಎಣ್ಣೆಯಲ್ಲಿ ಕರಗಿಸಿದ ಆ ಸೂಜಿಮದ್ದು ದಪ್ಪ ಸೂಜಿಯಲ್ಲೇ ಹೋಗಬೇಕು, ಎರಡು ದಿನ ಕುಂಡೆ ನೋಯುತ್ತದೆ.

ನನಗೆ ಹೆದರಿಕೆ ಇರುವುದು ಡಬಲ್ ಸೂಜಿಗೆ: ಒಂದು ನೋವಿನದು, ಒಂದು ಸ್ಟೀರಾಯ್ಡ್. ಶೇಂಗಾ ಕೀಳುವ ಸುಗ್ಗಿಯಲ್ಲಿ ಸೊಂಟ ಹಿಡಿದವರು ಅದೊಂದನ್ನೇ ಕೇಳುತ್ತಾರೆ, ಏಕೆಂದರೆ ಮರುದಿನ ಬೆಳಿಗ್ಗೆ ಹೊಲಕ್ಕೆ ಹೋಗಬಹುದು. ತಿಂಗಳಿಗೊಮ್ಮೆ ಹೀಗೆ ಚುಚ್ಚಿಸಿಕೊಂಡವರ ಸಕ್ಕರೆ ಏರಿರುತ್ತದೆ, ಮೂತ್ರಪಿಂಡ ಸೊರಗಿರುತ್ತದೆ. ಕುಂಡೆಯಲ್ಲಿ ಜಾಗ ತಪ್ಪಿ ಚುಚ್ಚಿದರೆ ಕಾಲಿನ ದೊಡ್ಡ ನರಕ್ಕೇ ಏಟು. ಪಾದ ಎತ್ತಲಾಗದೆ ಕಾಲೆಳೆಯುತ್ತ ಹುಬ್ಬಳ್ಳಿಯ ವಾರ್ಡಿಗೆ ಬರುತ್ತಿದ್ದವರನ್ನು ನಾನು ಮರೆತಿಲ್ಲ.

ಇತ್ತೀಚೆಗೆ ಮದುವೆಯ ಸೀಸನ್ನಿಗೆ ಹೊಸ ಬೇಡಿಕೆ ಶುರುವಾಗಿದೆ: ಮೈ ಬೆಳ್ಳಗಾಗುವ ಬಾಟಲಿ. ಗ್ಲುಟಾಥಯೋನ್, ಜೊತೆಗೆ ವಿಟಮಿನ್ ಸಿ. ಚರ್ಮ ಬೆಳ್ಳಗಾಗಿಸಲು ಇದನ್ನು ರಕ್ತನಾಳಕ್ಕೆ ಕೊಡುವುದಕ್ಕೆ ಗಟ್ಟಿ ಆಧಾರವಿಲ್ಲ. ಫಿಲಿಪ್ಪೀನ್ಸಿನ ಔಷಧ ಇಲಾಖೆ ಈ ಬಳಕೆಯ ವಿರುದ್ಧ ಜನರಿಗೆ ಎಚ್ಚರಿಕೆಯನ್ನೇ ಕೊಟ್ಟಿದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಿಗೆ ವಿಟಮಿನ್ ಸಿ ದೊಡ್ಡ ಪ್ರಮಾಣದಲ್ಲಿ ಏರಿದರೆ ಕೆಂಪು ರಕ್ತಕಣ ಒಡೆಯುತ್ತವೆ. ಮದುಮಗಳ ತಾಯಿಗೆ ಇಷ್ಟೆಲ್ಲ ಹೇಳಿದೆ. “ಹಾಗಾದರೆ ಹುಬ್ಬಳ್ಳಿಗೆ ಹೋಗುತ್ತೇವೆ” ಎಂದರು. ಹೋಗಿರಬಹುದು.

ಇನ್ನೊಂದು ಬಾಟಲಿ ಇದೆ, ಇದರ ಮೇಲೆ ನನಗೆ ಗೌರವ. ಮೂಳೆ ಸವೆದ ಅಜ್ಜಿಯರಿಗೆ ವರ್ಷಕ್ಕೊಮ್ಮೆ ಕೊಡುವ ಝೋಲೆಡ್ರೊನಿಕ್ ಆಸಿಡ್, 5 ಮಿ.ಗ್ರಾಂ., ಕನಿಷ್ಠ ಹದಿನೈದು ನಿಮಿಷ. ಸೊಂಟದ ಮೂಳೆ ಮುರಿಯುವುದನ್ನು ಅದು ನಿಜಕ್ಕೂ ಕಡಿಮೆ ಮಾಡುತ್ತದೆ. ಆದರೆ ಮೂತ್ರಪಿಂಡ ಸರಿಯಿರಬೇಕು, ಕ್ಯಾಲ್ಸಿಯಂ ಮತ್ತು ಡಿ ಜೀವಸತ್ವ ಮಟ್ಟಕ್ಕೆ ಬಂದಿರಬೇಕು, ಹಲ್ಲು ಕೀಳಿಸುವುದಿದ್ದರೆ ಮೊದಲೇ ಕೀಳಿಸಿ ಗಾಯ ಮಾಯಬೇಕು. ಕೊಟ್ಟ ಮೇಲೆ ಎರಡು-ಮೂರು ದಿನ ಜ್ವರ, ಮೈಕೈ ನೋವು ಬರಬಹುದು, ಪ್ಯಾರಾಸಿಟಮಾಲ್ ಸಾಕು. ಈ ವಾರ ಮುಂಡರಗಿ ಕಡೆಯ ಅಜ್ಜಿಯೊಬ್ಬರನ್ನು ಮಗ ಕಾರಿನಲ್ಲಿ ಕರೆತಂದ, ಔಷಧವನ್ನೂ ತಾನೇ ಕೊಂಡು ತಂದಿದ್ದ. ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ವರದಿ ಮಾತ್ರ ಇರಲಿಲ್ಲ. “ಇಷ್ಟು ದೂರದಿಂದ ಬಂದಿದ್ದೇವೆ, ಹಚ್ಚಿಬಿಡಿ ಸಿಸ್ಟರ್, ವರದಿ ವಾಟ್ಸಾಪ್‌ನಲ್ಲಿ ಕಳಿಸುತ್ತೇನೆ” ಎಂದ. ಅಜ್ಜಿಯ ರಕ್ತ ತೆಗೆದು ಲ್ಯಾಬಿಗೆ ಕಳಿಸಿದೆ, ಔಷಧದ ಪೊಟ್ಟಣಕ್ಕೆ ಅವರ ಹೆಸರು ಬರೆದು ಕಪಾಟಿನಲ್ಲಿಟ್ಟೆ. ವರದಿ ಸಂಜೆ ಬಂತು, ಸಾಹೇಬರು ನೋಡಿ ಗುರುವಾರಕ್ಕೆ ಬರಲು ಹೇಳಿದ್ದಾರೆ. ಮಗನಿಗೆ ಇನ್ನೂ ಸಿಟ್ಟಿದೆ. ಅಜ್ಜಿ ಮಾತ್ರ ಫೋನಿನಲ್ಲಿ, ಅಂದು ಊಟ ಮಾಡಿಯೇ ಬರಬೇಕೋ ಉಪವಾಸ ಬರಬೇಕೋ ಎಂದು ಕೇಳಿದರು. ಊಟ ಮಾಡಿ ಬನ್ನಿ, ಬರುವ ಮೊದಲು ಎರಡು ಲೋಟ ನೀರನ್ನೂ ಕುಡಿಯಿರಿ ಎಂದೆ.