ಕಃ ಬೀಳುವ ಜಾಗ

ಮೇಷ್ಟ್ರು ಹೋದರು ಅಂತ ವಾಟ್ಸ್ಯಾಪ್‌ನಲ್ಲಿ ಸುದ್ದಿ ಬಂದಾಗ ನಾನು ಟೊರಾಂಟೊದ ಸೇಂಟ್ ಕ್ಲೇರ್ ಸ್ಟ್ರೀಟ್‌ಕಾರಿನಲ್ಲಿ ಕೂತಿದ್ದೆ. ಮೊಣಕಾಲ ಮೇಲೆ ಬೆರಳು ತಾನಾಗಿಯೇ ಏಳು ಪೆಟ್ಟು ಹಾಕತೊಡಗಿತು. ಪಕ್ಕದ ಹೆಂಗಸು ಒಮ್ಮೆ ನೋಡಿ ಸ್ವಲ್ಪ ಸರಿದು ಕೂತಳು.

ನಮ್ಮ ಶನಿವಾರದ ಕನ್ನಡ ಶಾಲೆಯ ಸಂಚಿಕೆಗೆ ಏನಾದರೂ ಬರೆದುಕೊಡು ಅಂತ ಕೇಳಿದ್ದಾರೆ. ಆಗ ಪಾಠ ಏನೇನಿತ್ತು ಅಂತ ನೆನಪು ಮಾಡಿಕೊಳ್ಳಲು ಕೂತೆ. ವಿಭಕ್ತಿ ಪ್ರತ್ಯಯ ಇದ್ದಿರಬೇಕು. ಹಸುವಿನ ಮೇಲೆ ಹತ್ತು ವಾಕ್ಯ ಬರೆದ ನೆನಪಿದೆ. ಹಸು ನೋಡದ ಮಕ್ಕಳು, ಪಾಪ. ಮಿಕ್ಕಿದ್ದೆಲ್ಲ ಅಳಿಸಿಹೋಗಿದೆ. ಮೇಷ್ಟ್ರ ಬೆರಳು ಮಾತ್ರ ಉಳಿದಿದೆ.

ಅವರು ಹೊನ್ನಾವರದ ಕಡೆಯವರು. ಚಿಕ್ಕಂದಿನಲ್ಲಿ ಯಕ್ಷಗಾನ ಆಟದ ಮೇಳದ ಹಿಂದೆ ಅಲೆದು ಮದ್ದಲೆ ಕಲಿತಿದ್ದರು. ಇಲ್ಲಿ ವಾರವಿಡೀ ಒಂದು ಗೋದಾಮಿನಲ್ಲಿ ಲೆಕ್ಕ ಬರೆಯುವ ಕೆಲಸ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಬಾಡಿಗೆ ಹಿಡಿದ ಸ್ಕೂಲಿನ ಕೋಣೆಗೆ ಬಂದು, ಟೋಪಿಯ ಹಿಮ ಕೊಡವಿ, ಮೇಜಿನ ಮೇಲೆ ಎರಡು ಪೆಟ್ಟು ಹಾಕುತ್ತಿದ್ದರು. ಹಾಜರಿ ಶುರು ಅಂತ ಅದರ ಅರ್ಥ.

1998ರ ಫೆಬ್ರವರಿ. ನನಗೆ ಹನ್ನೆರಡು ವರ್ಷ. ಅವತ್ತು ಹಿಮ ಜಾಸ್ತಿ ಬಿದ್ದು ಮೇಷ್ಟ್ರು ತಡವಾಗಿದ್ದರು. ಕಾರಿಡಾರಿನ ಕೊನೆಯಲ್ಲಿದ್ದ ಮ್ಯೂಸಿಕ್ ರೂಮಿಗೆ ಬೀಗ ಹಾಕಿರಲಿಲ್ಲ. ಒಳಗೆ ಕಪ್ಪು ಬಟ್ಟೆ ಹೊದ್ದು ಒಂದು ಡ್ರಮ್ ಸೆಟ್ ಕೂತಿತ್ತು. ನಾವು ಮೂವರು ಒಳಗೆ ನುಗ್ಗಿದೆವು. ಬಟ್ಟೆ ತೆಗೆದವನೂ ಕೋಲು ಹುಡುಕಿದವನೂ ನಾನೇ ಅಂತ ಈಗ ಒಪ್ಪಿಕೊಳ್ಳುತ್ತೇನೆ. ಒಂದು ನಿಮಿಷ ಸ್ವರ್ಗ. ಆಮೇಲೆ ಮೊಣಕೈ ತಾಗಿ ಸಿಂಬಲ್ ಸ್ಟ್ಯಾಂಡ್ ಸಮೇತ ಉರುಳಿತು. ಆ ಸದ್ದು ಬೇಸ್‌ಮೆಂಟಿನ ತನಕ ಹೋಗಿರಬೇಕು, ಕಸಗುಡಿಸುವ ಅಜ್ಜ ಓಡಿ ಬಂದ. ಅವನ ಹಿಂದೆಯೇ ಮೇಷ್ಟ್ರು.

‘ಯಾರು ಬಾರಿಸಿದ್ದು?’

‘ಮೂರು ಜನಾನೂ ಸಾರ್’ ಅಂದೆ. ಧೈರ್ಯ ನೋಡಿ.

‘ಮೂರು ಜನ ಬಾರಿಸಿದ್ರೆ ಇಷ್ಟು ಕೆಟ್ಟದಾಗಿ ಕೇಳಲ್ಲ. ಇದು ಒಬ್ಬನದೇ ಕೈ.’

ಅಜ್ಜನ ಹತ್ತಿರ ಅವರೇ ಕ್ಷಮೆ ಕೇಳಿದರು. ಮುಂದಿನ ವಾರ ಅವನಿಗೆ ಒಂದು ಡಬ್ಬಿ ಚಕ್ಕುಲಿ ಕೊಟ್ಟುಬರಲು ನನ್ನನ್ನೇ ಕಳಿಸಿದರು. ನನಗೆ ಸಿಕ್ಕ ಶಿಕ್ಷೆ ಬೇರೆ. ಕಾಗುಣಿತವನ್ನು ಬರೆಯಬಾರದು, ಬಾರಿಸಬೇಕು. ಯಕ್ಷಗಾನದ ತ್ರಿವುಡೆ ತಾಳದಲ್ಲಿ, ಅಂದರೆ ಏಳು ಎಣಿಕೆಯಲ್ಲಿ. ಕ ಕಾ ಕಿ ಕೀ ಕು ಕೂ ಕೃ, ಇಲ್ಲಿಗೆ ಏಳು. ಕೆ ಕೇ ಕೈ ಕೊ ಕೋ ಕೌ ಕಂ, ಇಲ್ಲಿಗೆ ಇನ್ನೇಳು. ಒಂದು ಅಕ್ಷರ ಉಳಿಯಿತಲ್ವಾ? ಆ ಕಃ ಬಂದು ಮುಂದಿನ ಸುತ್ತಿನ ಮೊದಲ ಪೆಟ್ಟಿನ ಮೇಲೆ ಸರಿಯಾಗಿ ಕೂರಬೇಕು. ಕೂರದಿದ್ದರೆ ‘ಮತ್ತೊಮ್ಮೆ’. ಕ ಮುಗಿದರೆ ಖ. ಹೀಗೆ ಳ ತನಕ. ಆರು ವಾರ ಹಿಡಿಯಿತು. ನಮ್ಮ ಬ್ಯಾಚಿನಲ್ಲಿ ಕಾಗುಣಿತ ತಪ್ಪದೆ ಬರೆಯುವವನು ಇವತ್ತಿಗೂ ನಾನೊಬ್ಬನೇ ಅಂತ ಹೇಳಿಕೊಂಡರೆ ಯಾರೂ ಬೇಜಾರು ಮಾಡಿಕೊಳ್ಳಬಾರದು.

ಆ ಯುಗಾದಿಗೆ ಅಭಿಮನ್ಯು ನಾಟಕ. ಅಭಿಮನ್ಯು ನಾನೇ ಅಂದುಕೊಂಡಿದ್ದೆ. ದನಿ ಇತ್ತು, ಎತ್ತರ ಇತ್ತು, ಮಾತೆಲ್ಲ ಬಾಯಿಪಾಠ ಇತ್ತು. ಮೇಷ್ಟ್ರು ಪಾತ್ರವನ್ನು ಇನ್ನೊಬ್ಬನಿಗೆ ಕೊಟ್ಟು ನನ್ನನ್ನು ಹಿಂದೆ, ಪರದೆಗೆ ತಾಗಿ, ಮದ್ದಲೆಗೆ ಕೂರಿಸಿದರು. ನಾನು ಎರಡು ದಿನ ಊಟ ಬಿಟ್ಟೆ. ‘ಮುಂದೆ ನಿಂತೋನು ಮಾತು ಮರೆತರೆ ನೀನು ಎರಡು ಸುತ್ತು ಜಾಸ್ತಿ ಬಾರಿಸಿ ಕಾಯ್ತೀಯ. ನೀನು ಮರೆತರೆ ಕಾಯೋರು ಯಾರು?’ ಅಂದರು. ಆಗ ಅದು ಸಮಾಧಾನದ ಮಾತು ಅನ್ನಿಸಿತ್ತು.

ಅದೇ ವರ್ಷಗಳಲ್ಲಿ, ಇದೇ ಊರಲ್ಲಿ, ನನ್ನ ಹಾಗೇ 1985ರಲ್ಲಿ ಹುಟ್ಟಿದ ಹುಡುಗಿಯೊಬ್ಬಳು ವಾನ್ ರೋಡ್ ಅಕಾಡೆಮಿಗೆ ಹೋಗುತ್ತಿದ್ದಳು. ನಟನೆ, ನೃತ್ಯ ಅಂತ ಆಗಲೇ ದುಡಿಯುವ ಮಕ್ಕಳಿಗೆ ಅಲ್ಲಿ ಬೇರೆ ಟೈಮ್‌ಟೇಬಲ್ ಇತ್ತು. ಆಲಿಸನ್ ಪಿಲ್, ಮುಂದೆ ನಾಟಕ, ಸಿನಿಮಾಗಳಲ್ಲಿ ಹೆಸರು ಮಾಡಿದ ನಟಿ. ಆಗ ಆಕೆ ಯಾರೆಂದು ನನಗೆ ಗೊತ್ತಿರಲಿಲ್ಲ. ಆ ಸ್ಕೂಲನ್ನು ಮಕ್ಕಳು ಕಡಿಮೆಯಾದರು ಅಂತ 2017ರಲ್ಲಿ ಮುಚ್ಚಿದರು. ಇಪ್ಪತ್ತಕ್ಕೆಲ್ಲ ಆಕೆ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿ ಸೇರಿ, 2006ರಲ್ಲಿ ಅಲ್ಲಿನ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿಗೆ ನಾಮನಿರ್ದೇಶನವನ್ನೂ ಪಡೆದಿದ್ದಳು. ನಾನು ಆಗ ಇನ್ನೂ ಅಕೌಂಟಿಂಗ್ ಪರೀಕ್ಷೆ ಬರೆಯುತ್ತಿದ್ದೆ.

ಆಕೆಯನ್ನು ಮೊದಲು ನೋಡಿದ್ದು 2010ರ ಮಾರ್ಚಿನಲ್ಲಿ. ರಾತ್ರಿ ಬಸ್ಸು ಹಿಡಿದು ನ್ಯೂಯಾರ್ಕಿಗೆ ಹೋಗಿದ್ದೆ. ‘ದ ಮಿರಾಕಲ್ ವರ್ಕರ್’ ನಾಟಕ. ಕಣ್ಣು ಕಿವಿ ಎರಡೂ ಇಲ್ಲದ ಹೆಲೆನ್ ಕೆಲರ್‌ಗೆ ಅಕ್ಷರ ಕಲಿಸುವ ಟೀಚರ್ ಆನಿ ಸಲಿವನ್ ಪಾತ್ರ ಆಕೆಯದು. ಆ ರಂಗಕ್ಕೆ ಪರದೆಯ ಗೋಡೆ ಇಲ್ಲ, ಸುತ್ತಲೂ ಜನ. ಟೀಚರ್ ಹುಡುಗಿಯ ಅಂಗೈ ಹಿಡಿದು ಒಂದೊಂದೇ ಅಕ್ಷರ ಒತ್ತುತ್ತಾಳೆ. ಹುಡುಗಿ ಕಿತ್ತುಕೊಂಡು ಓಡುತ್ತಾಳೆ. ಹಿಡಿದು ತಂದು ಮತ್ತೆ ಒತ್ತುತ್ತಾಳೆ. ನಾನು ಅಲ್ಲಿ ಕೂತು ಕಾಗುಣಿತದ ಆರು ವಾರವನ್ನು ನೆನೆದು ಅತ್ತೆ. ನಾಟಕ ಜಾಸ್ತಿ ದಿನ ಓಡಲಿಲ್ಲ, ಏಪ್ರಿಲ್ ಮೊದಲಲ್ಲೇ ನಿಂತಿತು.

ಅದೇ ಆಗಸ್ಟಿನಲ್ಲಿ ‘ಸ್ಕಾಟ್ ಪಿಲ್‌ಗ್ರಿಮ್ ವರ್ಸಸ್ ದ ವರ್ಲ್ಡ್’ ಸಿನಿಮಾ ಬಂತು. ನಮ್ಮ ಟೊರಾಂಟೊದಲ್ಲೇ ತೆಗೆದದ್ದು. ಅದರಲ್ಲಿ ಆಕೆ ಕಿಮ್ ಪೈನ್, ಬ್ಯಾಂಡಿನ ಡ್ರಮ್ಮರ್. ಈ ಪಾತ್ರಕ್ಕಾಗಿಯೇ ಡ್ರಮ್ಸ್ ಕಲಿತಳಂತೆ. ಹ್ಯಾಲಿಫ್ಯಾಕ್ಸಿನ ಸ್ಲೋನ್ ಬ್ಯಾಂಡಿನ ಕ್ರಿಸ್ ಮರ್ಫಿ ನಟರನ್ನು ಕೂರಿಸಿ ವಾದ್ಯ ಹೇಳಿಕೊಟ್ಟವರು. ಮೇಷ್ಟ್ರನ್ನು ಬಲವಂತ ಮಾಡಿ ಕರೆದುಕೊಂಡು ಹೋದೆ. ಪಾಪ್‌ಕಾರ್ನ್ ತಿನ್ನುತ್ತಾ, ಸೌಂಡ್ ಜಾಸ್ತಿ ಅಂತ ಗೊಣಗುತ್ತಾ ಕೂತಿದ್ದರು. ಆಕೆ ಎರಡು ಕೋಲು ಒಂದಕ್ಕೊಂದು ಹೊಡೆದು ‘ಒನ್ ಟೂ ತ್ರೀ ಫೋರ್’ ಅಂತ ಕೂಗಿದಾಗ ಮುಂದಕ್ಕೆ ಬಾಗಿದರು.

‘ನೋಡು, ಅವಳು ನಗಲ್ಲ. ಲೆಕ್ಕ ಇಟ್ಟುಕೊಂಡೋರಿಗೆ ನಗಕ್ಕೆ ಪುರುಸೊತ್ತಿರಲ್ಲ.’

ಆಮೇಲೆ ಆಕೆ ಏನೇ ಮಾಡಿದರೂ ನಾವಿಬ್ಬರೂ ನೋಡುತ್ತಿದ್ದೆವು. ‘ದ ನ್ಯೂಸ್‌ರೂಮ್’ ಟೀವಿ ಸೀರಿಯಲ್ ಮೇಷ್ಟ್ರಿಗೆ ಹಿಡಿಸಲಿಲ್ಲ, ಮಾತು ಜಾಸ್ತಿ ಅಂದರು. ‘ಸ್ನೋಪಿಯರ್ಸರ್’ ಸಿನಿಮಾದಲ್ಲಿ ಆಕೆ ಮತ್ತೆ ಟೀಚರ್. ಓಡುವ ರೈಲಿನ ಡಬ್ಬಿಯಲ್ಲಿ ಆರ್ಗನ್ ನುಡಿಸಿ ಮಕ್ಕಳಿಗೆ ಪದ ಹೇಳಿಕೊಟ್ಟು, ಆಮೇಲೆ ಬಂದೂಕನ್ನೇ ತೆಗೆಯುತ್ತಾಳೆ! ‘ನನಗೂ ಎಷ್ಟೋ ಸಲ ಹಂಗೇ ಅನ್ನಿಸಿತ್ತು, ನಿಮ್ಮ ಬ್ಯಾಚಿಗೆ’ ಅಂದರು. 2018ರಲ್ಲಿ ಬ್ರಾಡ್‌ವೇಯಲ್ಲಿ ‘ತ್ರೀ ಟಾಲ್ ವಿಮೆನ್’. ಗ್ಲೆಂಡಾ ಜಾಕ್ಸನ್, ಲಾರಿ ಮೆಟ್ಕಾಫ್, ಮತ್ತೆ ಈಕೆ. ಮೊದಲಿಬ್ಬರಿಗೂ ಟೋನಿ ಸಿಕ್ಕಿತು. ಈಕೆಗೆ ನಾಮನಿರ್ದೇಶನವೂ ಇಲ್ಲ. ಫೋನಿನಲ್ಲಿ ನಾನು ಸಿಟ್ಟಿನಿಂದ ಹೇಳಿದೆ. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನೀನು ಇನ್ನೂ ಆ ಅಭಿಮನ್ಯು ಮರೆತಿಲ್ಲ ಅಲ್ವಾ?’ ಅಂದರು. ಮರೆತಿರಲಿಲ್ಲ.

ಈಗ ನನ್ನ ಮಗಳು ಕನ್ನಡ ಕ್ಲಾಸಿಗೆ ಝೂಮ್‌ನಲ್ಲಿ ಹೋಗುತ್ತಾಳೆ. ಈಗಿನ ಟೀಚರ್ ಒಳ್ಳೆಯವರು, ಪ್ರತಿ ವಾರ ವರ್ಕ್‌ಶೀಟ್ ಕಳಿಸುತ್ತಾರೆ, ಬಣ್ಣಬಣ್ಣದ ಸ್ಟಾರ್ ಕೊಡುತ್ತಾರೆ. ಆದರೆ ಎಲ್ಲ ಮಕ್ಕಳೂ ಒಟ್ಟಿಗೆ ಹೇಳುವ ಹಾಗಿಲ್ಲ. ಒಬ್ಬೊಬ್ಬರ ದನಿ ಒಂದೊಂದು ಹೊತ್ತಿಗೆ ಬರುತ್ತದೆ. ಒಬ್ಬ ಕಾ ಅನ್ನುವಾಗ ಇನ್ನೊಬ್ಬಳು ಕೈ ಮುಟ್ಟಿರುತ್ತಾಳೆ. ಅದಕ್ಕೇ ಎಲ್ಲರನ್ನೂ ಮ್ಯೂಟ್ ಮಾಡಿಬಿಡುತ್ತಾರೆ. ಮಗಳು ಒಬ್ಬಳೇ ಸ್ಕ್ರೀನಿಗೆ ಕಾಗುಣಿತ ಹೇಳುತ್ತಾಳೆ, ಸುಮ್ನೆ ಪಟ್ಟಿ ಓದಿದ ಹಾಗೆ. ಟೀಚರ್‌ದು ಇದರಲ್ಲಿ ಏನೂ ತಪ್ಪಿಲ್ಲ. ನನಗೆ ಹೊಟ್ಟೆ ಉರಿಯುತ್ತದೆ, ಅಷ್ಟೆ.

ಮೇಷ್ಟ್ರ ನೆನಪಿನ ಸಭೆ ಹೋದ ತಿಂಗಳು ಒಂದು ಬಾಡಿಗೆ ಹಾಲಿನಲ್ಲಿ ನಡೆಯಿತು. ಭಾಷಣ ಮಾಡಿದವರು ಮಾಡಿದರು. ನನ್ನ ಸರದಿ ಬಂದಾಗ ಬರೆದುಕೊಂಡು ಹೋದ ಕಾಗದ ತೆಗೆಯಲಿಲ್ಲ. ಮೇಜಿನ ಮೇಲೆ ಏಳು ಪೆಟ್ಟು ಹಾಕಿದೆ. ಮುಂದಿನ ಸುತ್ತಿಗೆ ನಲವತ್ತು ಜನ, ತಲೆ ನರೆತವರು, ಕೋಟು ಹಾಕಿದವರು, ಕುರ್ಚಿಯ ಕೈ ಮೇಲೆ ಶುರು ಮಾಡಿದರು. ಕ ಕಾ ಕಿ ಕೀ. ಚೆನ್ನಾಗಿಯೇ ಬಂತು. ಕಂ ಮುಗಿಯಿತು. ಕಃ ಮಾತ್ರ ನಲವತ್ತು ಜಾಗದಲ್ಲಿ ಬಿತ್ತು.

ಹಿಂದಿನ ಸಾಲಿನಿಂದ ಯಾರೋ ‘ಮತ್ತೊಮ್ಮೆ’ ಅಂದರು.