ಎಲಾಯ್ ತಂಡದ 'ಓಶನ್' ಪಿಂಕ್ ಫ್ಲಾಯ್ಡ್‌ನ ನಕಲೇ? ಕೇಳುವವರಿಗೆಲ್ಲ ನನ್ನ ಉತ್ತರ

ಅಲ್ಲ. ಜರ್ಮನಿಯ ರಾಕ್ ತಂಡ ಎಲಾಯ್‌ನ 'ಓಶನ್' ಆಲ್ಬಮ್ ಬ್ರಿಟನ್ನಿನ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ ನಕಲಲ್ಲ. ಇದನ್ನು ಬಾಯಿಮಾತಿನಲ್ಲಿ ಹೇಳಿ ಹೇಳಿ ನನಗೆ ಸಾಕಾಗಿದೆ. ಆದ್ದರಿಂದ ಒಮ್ಮೆ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಕೇಳುವವರು ಇದನ್ನೇ ಓದಿಕೊಳ್ಳಬೇಕು.

ಪ್ರಶ್ನೆಗಿಂತ ಅದನ್ನು ಕೇಳುವ ಧಾಟಿಯೇ ನನ್ನನ್ನು ಹೆಚ್ಚು ಕೆರಳಿಸುತ್ತದೆ. ಒಮ್ಮೆ ಮನೆಗೆ ಬಂದಿದ್ದ ಸ್ನೇಹಿತರೊಬ್ಬರು ಈ ಆಲ್ಬಮಿನ ಮೊದಲ ಹಾಡು ಶುರುವಾಗಿ ಇನ್ನೂ ಗಾಯಕನ ದನಿ ಕೇಳಿಸುವ ಮುನ್ನವೇ "ಅಸಲು ಇರುವಾಗ ನಕಲು ಯಾಕೆ ಬೇಕು?" ಎಂದುಬಿಟ್ಟರು. ಆ ಹಾಡಿನ ಅವಧಿ ಹನ್ನೊಂದೂವರೆ ನಿಮಿಷ. ಎಲೆಯ ತುದಿಗೆ ಬಡಿಸಿದ ಉಪ್ಪನ್ನಷ್ಟೇ ನೆಕ್ಕಿ ಊಟದ ರುಚಿ ಹೇಳುವವರೊಂದಿಗೆ ನಾನು ಏನು ವಾದಿಸಲಿ?

ಹೋಲಿಕೆ ಇಲ್ಲವೆಂದು ನಾನು ಹೇಳುತ್ತಿಲ್ಲ. ಪಶ್ಚಿಮ ಜರ್ಮನಿಯ ಹ್ಯಾನೋವರ್ ನಗರದ ಈ ತಂಡ 'ಓಶನ್' ಅನ್ನು ಹೊರತಂದದ್ದು 1977ರಲ್ಲಿ. ಅಷ್ಟರಲ್ಲಿ ಪಿಂಕ್ ಫ್ಲಾಯ್ಡ್‌ನ ಪ್ರಭಾವ ಯುರೋಪಿನ ತುಂಬ ಹರಡಿತ್ತು. ಅಲೆಯಂತೆ ಏಳುವ ಕೀಬೋರ್ಡು, ಆತುರವಿಲ್ಲದ ಆರಂಭ, ಉದ್ದನೆಯ ಹಾಡುಗಳು ಎರಡು ಕಡೆಯೂ ಇವೆ. ಆದರೆ ಫ್ಲಾಯ್ಡ್‌ನಲ್ಲಿ ನಮ್ಮೊಡನೆ ಮಾತನಾಡುವುದು ಗಿಟಾರು. ಇಲ್ಲಿ ಗಾಯಕ, ಗಿಟಾರ್ ವಾದಕ ಫ್ರಾಂಕ್ ಬೋರ್ನೆಮನ್ ತಂಡದ ಸ್ಥಾಪಕರೇ ಆಗಿದ್ದರೂ ಬಹಳಷ್ಟು ಕಡೆ ಹಿಂದೆ ಸರಿದು ನಿಲ್ಲುತ್ತಾರೆ. ರಾಗವನ್ನು ಹೊತ್ತು ಮುಂದೆ ನಡೆಯುವುದು ಕ್ಲಾಸ್-ಪೀಟರ್ ಮಾಟ್ಸಿಯೋಲ್ ಅವರ ಬೇಸ್ ಗಿಟಾರು. ಡೆಟ್ಲೆಫ್ ಷ್ಮಿಟ್ಶೆನ್ ಅವರ ಕೀಬೋರ್ಡ್ ಕಟ್ಟುವ ವಿಶಾಲ ಆವರಣದೊಳಗೆ ಯೂರ್ಗನ್ ರೋಸೆಂತಾಲ್ ಅವರ ಡ್ರಮ್ ಸುಮ್ಮನಿರುವುದೇ ಇಲ್ಲ. ಇಷ್ಟು ಚಡಪಡಿಸುವ ಡ್ರಮ್ ಫ್ಲಾಯ್ಡ್‌ನ ಯಾವ ಹಾಡಿನಲ್ಲಿದೆಯೋ ತೋರಿಸಿ. ಬೋರ್ನೆಮನ್ ಅವರ ಇಂಗ್ಲಿಷ್ ಉಚ್ಚಾರಣೆಯಲ್ಲಿ ಜರ್ಮನ್ ಛಾಯೆ ಇದೆ ಎಂದು ನಗುವವರು ನಗಲಿ. ಸಮುದ್ರದಲ್ಲಿ ಮುಳುಗಿದ ಪುರಾಣದ ದ್ವೀಪ ಅಟ್ಲಾಂಟಿಸ್‌ನ ಕಥೆ ಹೇಳುವ ಈ ಆಲ್ಬಮಿಗೆ ಬೇಕಾದ ದೂರದ ದನಿ ಅದೇ ಎಂಬುದು ನನ್ನ ದೃಢ ಅಭಿಪ್ರಾಯ.

ಇಷ್ಟು ವರ್ಷಗಳಲ್ಲಿ ಒಬ್ಬರಾದರೂ ಬೇರೊಂದು ಪ್ರಶ್ನೆ ಕೇಳಬಾರದಿತ್ತೇ? ಅಟ್ಲಾಂಟಿಸ್‌ನ ನಾಶವನ್ನು ಹೇಳಲು ನಾಲ್ಕೇ ಹಾಡುಗಳು ಯಾಕೆ, ಅವುಗಳಲ್ಲಿ ಕೊನೆಯದು ಅಷ್ಟು ನಿಧಾನ ಯಾಕೆ ಎಂದು ಕೇಳಿದ್ದರೆ ನಾನು ರಾತ್ರಿಯೆಲ್ಲ ಕೂತು ಉತ್ತರಿಸುತ್ತಿದ್ದೆ.

ಕಥೆಯ ಮೂಲ ಗ್ರೀಕ್ ತತ್ವಜ್ಞಾನಿ ಪ್ಲೇಟೋ. ಅವನ 'ಕ್ರಿಟಿಯಾಸ್' ಸಂವಾದದಲ್ಲಿ ಸಮುದ್ರದೇವತೆ ಪೊಸೈಡನ್ ಮರ್ತ್ಯಳಾದ ಕ್ಲೀಟೋಳನ್ನು ಕೂಡಿ ಐದು ಜೋಡಿ ಅವಳಿ ಗಂಡುಮಕ್ಕಳನ್ನು ಪಡೆಯುತ್ತಾನೆ. ಅವರ ವಂಶ ದ್ವೀಪವನ್ನು ಆಳುತ್ತದೆ. ಪೀಳಿಗೆಗಳು ಕಳೆದಂತೆ ಅವರೊಳಗಿನ ದೈವಾಂಶ ತೆಳುವಾಗಿ ಅಧಿಕಾರದ ದುರಾಸೆ ತಲೆಯೆತ್ತುತ್ತದೆ. ಶಿಕ್ಷೆ ವಿಧಿಸಲು ದೇವತೆಗಳ ಒಡೆಯ ಸ್ಯೂಸ್ ಅವರ ಸಭೆ ಕರೆದು ಮಾತಿಗೆ ತೊಡಗುವಷ್ಟರಲ್ಲಿ ಆ ಗ್ರಂಥ ವಾಕ್ಯದ ನಡುವೆಯೇ ನಿಂತುಹೋಗುತ್ತದೆ. ದ್ವೀಪ ಒಂದೇ ಹಗಲು ರಾತ್ರಿಯಲ್ಲಿ ಮುಳುಗಿತೆಂಬುದು ಪ್ಲೇಟೋನ ಇನ್ನೊಂದು ಸಂವಾದ 'ಟಿಮೇಯಸ್'ನಲ್ಲಿ ಕೆಲವೇ ಮಾತುಗಳಲ್ಲಿ ಬರುತ್ತದೆ. 'ಓಶನ್'ನ ಮೊದಲ ಮೂರು ಹಾಡುಗಳು ಪೊಸೈಡನ್‌ನ ಸೃಷ್ಟಿಯಿಂದ ಆ ಅವನತಿಯವರೆಗೆ ಸಾಗುತ್ತವೆ. ನಾಲ್ಕನೆಯದು, ಹದಿನೈದು ನಿಮಿಷಕ್ಕೂ ಮೀರಿದ್ದು, ಪ್ಲೇಟೋ ವಿವರಿಸದೆ ಬಿಟ್ಟ ಜಾಗಕ್ಕೆ ಕಾಲಿಡುತ್ತದೆ. ಅದರ ಹೆಸರಿನಲ್ಲಿರುವ 8498ರ ಜೂನ್ 5 ಎಂಬ ದಿನಾಂಕ ಆಸ್ಟ್ರಿಯಾದ ಎಂಜಿನಿಯರ್ ಒಟ್ಟೊ ಮುಕ್ ಅವರದು. ಕ್ರಿಸ್ತಪೂರ್ವದ ಆ ದಿನ ಕ್ಷುದ್ರಗ್ರಹವೊಂದು ಅಪ್ಪಳಿಸಿ ಅಟ್ಲಾಂಟಿಸ್ ನಾಶವಾಯಿತೆಂದು ಅವರು ವಾದಿಸಿದ್ದರು. ವಿಜ್ಞಾನ ಅದನ್ನು ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಆದರೆ ಪುರಾಣದ ದ್ವೀಪವೊಂದಕ್ಕೆ ತಿಂಗಳು, ತಾರೀಖು ಬಂದೊಡನೆ ಅದರ ಸಾವು ಹತ್ತಿರದ್ದಾಗುತ್ತದೆ.

ಆ ಹಾಡು ಮಾತಿನಿಂದ ಆರಂಭವಾಗಿ, ಕೀಬೋರ್ಡಿನ ದೀರ್ಘ ಸ್ವರಗಳಲ್ಲಿ ತಂಗಿ, ಬಹಳ ತಡವಾಗಿ ಹಾಡಿಗೆ ಬರುತ್ತದೆ. ಕೇಳುಗರು ಬೇಸತ್ತು ಮುಂದಕ್ಕೆ ಹಾರಿಸುವುದು ಇಲ್ಲಿಯೇ. ದಯವಿಟ್ಟು ಹಾರಿಸಬೇಡಿ. ಮೂರು ಹಾಡುಗಳುದ್ದಕ್ಕೂ ಬಡಿಯುತ್ತಿದ್ದ ಡ್ರಮ್ ಇಲ್ಲದಿರುವುದನ್ನು ಕಿವಿ ಗಮನಿಸುವಷ್ಟು ಹೊತ್ತು ಕಾಯಿಸಿದರೆ ಮಾತ್ರ ಅದು ಮರಳಿ ಬಂದಾಗ ಎದೆ ಅದುರುತ್ತದೆ. ಈ ಗೀತೆಗಳನ್ನು ಬರೆದವರೂ ಡ್ರಮ್ ನುಡಿಸಿದ ರೋಸೆಂತಾಲ್ ಅವರೇ. ಅದಕ್ಕೂ ಮುನ್ನ ಜರ್ಮನಿಯದೇ ರಾಕ್ ತಂಡ ಸ್ಕಾರ್ಪಿಯನ್ಸ್‌ನ 1974ರ ಆಲ್ಬಮಿನಲ್ಲಿ ನುಡಿಸಿದ್ದವರು. ಎಲ್ಲಿ ಮಾತು ಸಾಕು, ಎಲ್ಲಿ ಬಡಿತ ಬೇಕು ಎಂಬುದನ್ನು ಒಬ್ಬರೇ ಬಲ್ಲವರಾಗಿದ್ದರು. 1998ರಲ್ಲಿ ಬೋರ್ನೆಮನ್ ಇದರ ಎರಡನೆಯ ಭಾಗವನ್ನು ತಂದಾಗ ರೋಸೆಂತಾಲ್ ತಂಡದಲ್ಲಿರಲಿಲ್ಲ, ಆ ಕೊರತೆ ನನಗೆ ಮೊದಲ ಹಾಡಿನಲ್ಲೇ ಕೇಳಿಸಿತು.